ಬ್ರೊಮೆಲಿಯಾಡ್ ಗಿಡಗಳ ವೈವಿಧ್ಯ ಮತ್ತು ವರ್ಗೀಕರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರೊಮೆಲಿಯಾಡ್ ತಂದವರು ಮೊದಲು ಕೇಳುವುದು ‘ನೀರು ಎಷ್ಟು ಹಾಕಬೇಕು’ ಎಂದು. ಗಿಡ ಯಾವ ಗುಂಪಿನದು ಎಂದು ತಿಳಿಯದೆ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಒಂದೇ ಕುಟುಂಬದಲ್ಲಿ ಒಂದು ಗಿಡ ಎಲೆಬಟ್ಟಲಿನಲ್ಲಿ ಸದಾ ನೀರು ಹಿಡಿದುಕೊಂಡಿರುತ್ತದೆ, ಇನ್ನೊಂದು ಅದೇ ನೀರು ಸುಳಿಯಲ್ಲಿ ಒಂದು ರಾತ್ರಿ ನಿಂತರೂ ಕೊಳೆಯುತ್ತದೆ. ಹಾಗಾಗಿ ಇಲ್ಲಿ ವರ್ಗೀಕರಣ ಮೊದಲು, ಆರೈಕೆ ಆಮೇಲೆ.

ಬ್ರೊಮೆಲಿಯಾಡ್ ಅಂದರೆ ಯಾವ ಗಿಡ?

ಬ್ರೊಮೆಲಿಯೇಸಿ ಕುಟುಂಬಕ್ಕೆ ಸೇರಿದ ಯಾವ ಗಿಡವಾದರೂ ಬ್ರೊಮೆಲಿಯಾಡೇ. ಎಲ್ಲರಿಗೂ ಗೊತ್ತಿರುವ ಉದಾಹರಣೆ ಅನಾನಸ್. ಇದು ಏಕದಳ ಸಸ್ಯಗಳ ಕುಟುಂಬ. ಹುಲ್ಲು, ಭತ್ತ, ಜೊಂಡು ಇರುವ ಪೋಯೇಲಿಸ್ ಗಣದಲ್ಲಿಯೇ ಇದೂ ಬರುತ್ತದೆ. ನೋಟಕ್ಕೆ ಕತ್ತಾಳೆಯ ಹಾಗಿದ್ದರೂ ನಂಟು ಹುಲ್ಲಿನ ಕಡೆಗೇ. ಸ್ವೀಡನ್ನಿನ ವೈದ್ಯ ಮತ್ತು ಸಸ್ಯಶಾಸ್ತ್ರಜ್ಞ ಓಲೋಫ್ ಬ್ರೊಮೇಲಿಯಸ್ ನೆನಪಿಗೆ ಫ್ರಾನ್ಸಿನ ಚಾರ್ಲ್ಸ್ ಪ್ಲೂಮಿಯೇ ಒಂದು ಕುಲಕ್ಕೆ ಬ್ರೊಮೇಲಿಯಾ ಎಂದು ಹೆಸರಿಟ್ಟ. ಕುಟುಂಬದ ಹೆಸರು ಬಂದದ್ದು ಅಲ್ಲಿಂದ.

ಎಷ್ಟು ಬಗೆ ಇವೆ? ಎಲ್ಲಿ ಬೆಳೆಯುತ್ತವೆ?

3,500ಕ್ಕೂ ಹೆಚ್ಚು ಪ್ರಭೇದಗಳಿವೆ, ಹೊಸವು ಸೇರುತ್ತಲೇ ಇವೆ. ಕುಲಗಳು ಸುಮಾರು 80. ಯಾವುದನ್ನು ಒಡೆದು ಯಾವುದನ್ನು ಕೂಡಿಸಬೇಕು ಎಂಬ ಚರ್ಚೆ ಮುಗಿಯದ ಕಾರಣ ಈ ಎಣಿಕೆ ಒಂದೊಂದು ಪಟ್ಟಿಯಲ್ಲಿ ಒಂದೊಂದು ಥರ ಇರುತ್ತದೆ. ಎಲ್ಲಕ್ಕಿಂತ ದೊಡ್ಡ ಕುಲ ಟಿಲ್ಯಾಂಡ್ಸಿಯಾ.

ಒಂದನ್ನು ಬಿಟ್ಟು ಉಳಿದೆಲ್ಲವೂ ಅಮೆರಿಕ ಖಂಡಗಳವು. ಆ ಒಂದು ಪಿಟ್‌ಕೈರ್ನಿಯಾ ಫೆಲಿಸಿಯಾನಾ, ಪಶ್ಚಿಮ ಆಫ್ರಿಕದ ಗಿನಿ ದೇಶದ ಮರಳುಗಲ್ಲಿನ ಬಂಡೆಗಳ ಮೇಲಿದೆ. ಖಂಡಗಳು ಬೇರೆಯಾದಾಗ ಅಲ್ಲಿ ಉಳಿದುಕೊಂಡ ಪಳೆಯುಳಿಕೆ ಅದು ಎಂದುಕೊಳ್ಳಬೇಡಿ. ಡಿಎನ್‌ಎ ಲೆಕ್ಕದ ಪ್ರಕಾರ ಅಟ್ಲಾಂಟಿಕ್ ಸಾಗರ ಅಗಲವಾಗಿ ಬಹಳ ಕಾಲವಾದ ಮೇಲೆ ಬೀಜ ದಾಟಿ ಹೋಗಿದೆ.

ಎತ್ತರದ ವಿಚಾರದಲ್ಲೂ ಹರವು ದೊಡ್ಡದು. ಸಮುದ್ರ ದಂಡೆಯ ಮರಳಿನಲ್ಲೂ ಇವೆ, ಆಂಡಿಸ್ ಪರ್ವತದಲ್ಲಿ 4,000 ಮೀಟರಿನ ಆಚೆಗೂ ಇವೆ. ಪೆರು ಮತ್ತು ಬೊಲಿವಿಯಾದ ಪೂಯಾ ರೈಮಂಡಿಯ ಹೂಗೊಂಚಲು ಸೇರಿ ಗಿಡ 10 ಮೀಟರ್ ಮುಟ್ಟುತ್ತದೆ. ಹಲವು ದಶಕ ಬೆಳೆದು, ಒಮ್ಮೆ ಹೂ ಬಿಟ್ಟು ಸಾಯುತ್ತದೆ. ಇತ್ತ ಬೆರಳುದ್ದದ ಟಿಲ್ಯಾಂಡ್ಸಿಯಾಗಳೂ ಅದೇ ಕುಟುಂಬದವೇ.

ಮೂರು ಉಪಕುಟುಂಬ ಎಂದು ಓದಿದ್ದೆವು, ಈಗ ಎಂಟು ಅನ್ನುತ್ತಾರೆ. ಯಾವುದು ಸರಿ?

ಈಗ ಎಂಟು. ಆದರೆ ಹಳೆಯ ಮೂರನ್ನು ಮರೆಯಬೇಕಾಗಿಲ್ಲ, ಗಿಡ ಗುರುತಿಸಲು ಈಗಲೂ ಅವೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಲೈಮನ್ ಸ್ಮಿತ್ ಮತ್ತು ರಾಬರ್ಟ್ ಡೌನ್ಸ್ 1974ರಿಂದ 1979ರ ನಡುವೆ ಮೂರು ಭಾಗಗಳಲ್ಲಿ ಹೊರತಂದ ದೊಡ್ಡ ಅಧ್ಯಯನ ಈ ಕುಟುಂಬವನ್ನು ಮುಖ್ಯವಾಗಿ ಹಣ್ಣು ಮತ್ತು ಬೀಜದ ಮೇಲೆ ವಿಂಗಡಿಸಿತ್ತು:

- ಪಿಟ್‌ಕೈರ್ನಿಯಾಯ್ಡೀ: ಒಣಗಿ ಬಿರಿಯುವ ಕಾಯಿ, ಬೀಜಕ್ಕೆ ರೆಕ್ಕೆ ಅಥವಾ ಬಾಲದಂಥ ಅಂಚು.
- ಟಿಲ್ಯಾಂಡ್ಸಿಯಾಯ್ಡೀ: ಒಣಗಿ ಬಿರಿಯುವ ಕಾಯಿ, ಬೀಜಕ್ಕೆ ಎಕ್ಕದ ಬೀಜದ ಹಾಗೆ ರೇಷ್ಮೆಯಂಥ ಕೂದಲ ಕುಚ್ಚು.
- ಬ್ರೊಮೆಲಿಯಾಯ್ಡೀ: ರಸವಿರುವ ಹಣ್ಣು, ಬೀಜ ಬೋಳು.

ಡಿಎನ್‌ಎ ಓದಲು ಶುರುವಾದ ಮೇಲೆ ಎರಡನೆಯದು ಮತ್ತು ಮೂರನೆಯದು ಗಟ್ಟಿಯಾಗಿ ನಿಂತವು. ಕುಸಿದದ್ದು ಮೊದಲನೆಯದು. ರೆಕ್ಕೆಬೀಜ ಎನ್ನುವುದು ಇಡೀ ಕುಟುಂಬದ ಮೂಲ ಲಕ್ಷಣ. ಅದನ್ನು ಹಾಗೇ ಉಳಿಸಿಕೊಂಡವರೆಲ್ಲ ಒಂದೇ ಮನೆಯವರು ಎನ್ನಲು ಬರುವುದಿಲ್ಲ. ಹಾಗಾಗಿ ಆ ಗುಂಪು ಆರಾಯಿತು: ಬ್ರೊಕ್ಕಿನಿಯಾಯ್ಡೀ, ಲಿಂಡ್ಮಾನಿಯಾಯ್ಡೀ, ಹೆಕ್ಟಿಯಾಯ್ಡೀ, ನಾವಿಯಾಯ್ಡೀ, ಪೂಯಾಯ್ಡೀ ಮತ್ತು ಸಣ್ಣದಾಗಿ ಉಳಿದ ಪಿಟ್‌ಕೈರ್ನಿಯಾಯ್ಡೀ. ಥಾಮಸ್ ಗಿವ್ನಿಶ್ ಮತ್ತು ಸಂಗಡಿಗರು 2007 ಮತ್ತು 2011ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಆಧಾರ. ಇದರಲ್ಲಿ ಒಂದು ಸ್ವಾರಸ್ಯವಿದೆ. ಒಣಕಾಯಿಯ ಪೂಯಾಗೆ ಅತಿ ಹತ್ತಿರದ ನಂಟ ರಸಹಣ್ಣಿನ ಬ್ರೊಮೆಲಿಯಾಯ್ಡೀ, ಅಂದರೆ ಅನಾನಸಿನ ಗುಂಪು.

ಮನೆಗೆ ಬರುವ ಗಿಡಗಳಲ್ಲಿ ಹೆಚ್ಚಿನವು ಟಿಲ್ಯಾಂಡ್ಸಿಯಾಯ್ಡೀ ಅಥವಾ ಬ್ರೊಮೆಲಿಯಾಯ್ಡೀ. ಅಪರೂಪಕ್ಕೆ ಡಿಕಿಯಾ, ಹೆಕ್ಟಿಯಾ, ಪೂಯಾ ಸಿಗುತ್ತವೆ.

ಹೂವಿಲ್ಲದ, ಚೀಟಿಯೂ ಇಲ್ಲದ ಗಿಡವನ್ನು ಗುರುತಿಸುವುದು ಹೇಗೆ?

ಈ ಕ್ರಮದಲ್ಲಿ ನೋಡಿ.

ಮೊದಲು ಎಲೆಯ ಅಂಚಿನ ಮೇಲೆ ಬೆರಳನ್ನು ತುದಿಯಿಂದ ಬುಡದ ಕಡೆಗೆ ಮೆಲ್ಲಗೆ ಸವರಿ. ಅಂಚು ಪೂರ್ತಿ ನುಣುಪಾಗಿದ್ದರೆ ಟಿಲ್ಯಾಂಡ್ಸಿಯಾಯ್ಡೀ ಇರುವ ಸಾಧ್ಯತೆ ಹೆಚ್ಚು: ಗುಜ್ಮಾನಿಯಾ, ವ್ರೀಸಿಯಾ, ಟಿಲ್ಯಾಂಡ್ಸಿಯಾ. ಈ ಉಪಕುಟುಂಬದಲ್ಲಿ ಮುಳ್ಳಂಚಿನ ಎಲೆಯೇ ಇಲ್ಲ. ಆದರೆ ಇದನ್ನು ತಿರುವಿ ಹೇಳಬೇಡಿ. ನುಣುಪಂಚು ಕೆಲವು ಪಿಟ್‌ಕೈರ್ನಿಯಾಗಳಲ್ಲೂ ಇದೆ.

ಅಂಚಿನಲ್ಲಿ ಮುಳ್ಳಿದ್ದರೆ ಎರಡನೆಯ ಪರೀಕ್ಷೆ: ಬಟ್ಟಲು. ಎಲೆಬುಡಗಳು ಒಂದರ ಮೇಲೊಂದು ಬಿಗಿಯಾಗಿ ಹೆಣೆದುಕೊಂಡು ನೀರು ಸೋರದ ಬಟ್ಟಲಾಗಿದೆಯೇ? ಆಗಿದ್ದರೆ ಬ್ರೊಮೆಲಿಯಾಯ್ಡೀ: ಎಕ್ಮಿಯಾ, ನಿಯೋರೆಜೀಲಿಯಾ, ಬಿಲ್‌ಬರ್ಜಿಯಾ. ಬಟ್ಟಲಿಲ್ಲದೆ ಎಲೆ ದಪ್ಪ, ಗಡಸು, ಮುಳ್ಳು ಕೊಕ್ಕೆಯಂತೆ ಬಾಗಿದ್ದರೆ ಡಿಕಿಯಾ ಅಥವಾ ಹೆಕ್ಟಿಯಾ. ಬಟ್ಟಲಿಲ್ಲದೆ ನೆಲಕ್ಕೆ ಅಂಟಿದ ನಕ್ಷತ್ರದಂತೆ ಚಪ್ಪಟೆಯಾಗಿದ್ದು, ಅಂಚು ಅಲೆಅಲೆಯಾಗಿ ಸಣ್ಣ ಮುಳ್ಳಿದ್ದರೆ ಕ್ರಿಪ್ಟಾಂಥಸ್.

ಹೂವು ಬಂದ ಮೇಲೆ ಒಂದನ್ನು ಕಿತ್ತು ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಸಂಶಯ ಬಹುಮಟ್ಟಿಗೆ ತೀರುತ್ತದೆ. ಬಿಲ್‌ಬರ್ಜಿಯಾ ನ್ಯೂಟನ್ಸ್‌ನ ಹೂವನ್ನು ಸೀಳಿ ನೋಡಿ: ಎಸಳುಗಳು ಶುರುವಾಗುವುದಕ್ಕೂ ಕೆಳಗೆ ಹಸಿರು ಗಂಟೊಂದಿದೆ, ಅದರೊಳಗೆ ಮೂರು ಕೋಣೆ, ಕೋಣೆಗಳಲ್ಲಿ ಸಾಲಾಗಿ ಬಿಳಿ ಅಂಡಕಗಳು. ಅಂಡಾಶಯ ಹೀಗೆ ಎಸಳಿನ ಕೆಳಗಿದ್ದರೆ ಬ್ರೊಮೆಲಿಯಾಯ್ಡೀ. ಗುಜ್ಮಾನಿಯಾದ ಹೂವನ್ನು ಸೀಳಿದರೆ ಅದೇ ಗಂಟು ಎಸಳುಗಳ ಕೊಳವೆಯ ಒಳಗೆ ಕೂತಿರುತ್ತದೆ.

ಕತ್ತಾಳೆ, ಲೋಳೆಸರಗಳಿಂದ ಬೇರೆ ಎಂದು ಹೇಗೆ ಹೇಳುವುದು?

ಹೂವಿನಲ್ಲಿ ಸುಲಭ. ಬ್ರೊಮೆಲಿಯಾಡಿನ ಹೊರಸುತ್ತಿನ ಮೂರು ಭಾಗಗಳೂ ಒಳಸುತ್ತಿನ ಮೂರು ಎಸಳುಗಳೂ ನೋಡಲು ಬೇರೆ ಬೇರೆ. ಕತ್ತಾಳೆ, ಲೋಳೆಸರಗಳಲ್ಲಿ ಆರೂ ಹೆಚ್ಚುಕಡಿಮೆ ಒಂದೇ ಥರ. ಹೂವಿಲ್ಲದಿದ್ದರೆ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿ. ಬೂದಿ ಬಣ್ಣದ ಸೂಕ್ಷ್ಮ ಹುರುಪೆಗಳು ಚುಕ್ಕಿಚುಕ್ಕಿಯಾಗಿ ಅಥವಾ ಪಟ್ಟೆಪಟ್ಟೆಯಾಗಿ ಕಂಡರೆ ಬ್ರೊಮೆಲಿಯಾಡ್.

ಎಲೆಯ ಮೇಲಿನ ಬೂದಿಯಂಥ ಪುಡಿಯನ್ನು ಒರೆಸಬಹುದೇ?

ಒರೆಸಬಾರದು. ಅದು ದೂಳಲ್ಲ, ಗಿಡದ ಬಾಯಿ. ಹೆಸರು ಟ್ರೈಕೋಮ್. ಪ್ರತಿಯೊಂದೂ ಗುರಾಣಿಯಂತೆ ಹರಡಿದ ಸತ್ತ ಕೋಶಗಳ ತಟ್ಟೆ, ಕೆಳಗೆ ಜೀವಂತ ಕೋಶಗಳ ಸಣ್ಣ ಕಾಂಡ. ನೀರು ತಾಗಿದಾಗ ಸತ್ತ ಕೋಶಗಳು ಉಬ್ಬಿ ನೀರನ್ನು ಕಾಂಡದತ್ತ ಎಳೆದುಕೊಳ್ಳುತ್ತವೆ. ಒಣಗಿದಾಗ ತಟ್ಟೆ ಮುಚ್ಚಳದಂತೆ ಕುಸಿದು ಕೂರುತ್ತದೆ, ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ. ಬಿಸಿಲನ್ನು ಹಿಂದಕ್ಕೆ ಎಸೆಯುವ ಕೆಲಸವನ್ನೂ ಅದೇ ಮಾಡುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಒಣಗಿದ ಬೂದು ಟಿಲ್ಯಾಂಡ್ಸಿಯಾದ ಒಂದು ಎಲೆಯ ಮೇಲೆ ಒಂದು ತೊಟ್ಟು ನೀರು ಬಿಡಿ. ತೊಟ್ಟು ಗುಂಡಗೆ ನಿಲ್ಲದೆ ಚಪ್ಪಟೆಯಾಗಿ ಹರಡಿ, ಆ ಜಾಗ ಮಾತ್ರ ಹಸಿರಾಗುತ್ತದೆ. ಒಣಗಿದಂತೆ ಮತ್ತೆ ಬೂದಿ ಬಣ್ಣ.

ಟ್ರೈಕೋಮ್ ದಟ್ಟವಾಗಿದ್ದಷ್ಟೂ ಗಿಡ ಬೂದುಬಿಳಿ, ಮತ್ತು ಅಷ್ಟೇ ಒಣ, ಬಿಸಿಲು ಜಾಗದ್ದು. ಎಲೆ ಹಸಿರಾಗಿ ಹೊಳೆಯುತ್ತಿದ್ದರೆ ತೇವ, ನೆರಳು ಕಾಡಿನದು. ಹೆಸರು ಗೊತ್ತಿಲ್ಲದ ಗಿಡವನ್ನು ಎಲ್ಲಿಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವಿಲ್ಲ. ಎಲೆ ಹೊಳೆಯಲಿ ಎಂದು ಎಣ್ಣೆ ಹಚ್ಚಿದರೆ ಟ್ರೈಕೋಮುಗಳು ಕಟ್ಟಿಕೊಳ್ಳುತ್ತವೆ. ಗಡಸು ನೀರಿನ ಸುಣ್ಣವೂ ನಿಧಾನವಾಗಿ ಅದೇ ಕೆಲಸ ಮಾಡುತ್ತದೆ.

ಹಾಗಾದರೆ ನೀರು ಎಲ್ಲಿಗೆ, ಎಷ್ಟು?

ಬಟ್ಟಲಿನ ಗಿಡಗಳಿಗೆ (ಗುಜ್ಮಾನಿಯಾ, ವ್ರೀಸಿಯಾ, ಎಕ್ಮಿಯಾ, ನಿಯೋರೆಜೀಲಿಯಾ, ಬಿಲ್‌ಬರ್ಜಿಯಾ) ನೀರು ಬಟ್ಟಲಿಗೆ. ಕುಂಡದ ಮಣ್ಣು ಬರೀ ತೇವವಾಗಿದ್ದರೆ ಸಾಕು, ಇವುಗಳ ಬೇರಿಗೆ ಹಿಡಿದುಕೊಳ್ಳುವುದೇ ಮುಖ್ಯ ಕೆಲಸ. ವಾರಕ್ಕೊಮ್ಮೆ ಕುಂಡವನ್ನು ಓರೆ ಮಾಡಿ ಹಳೆಯ ನೀರು ಚೆಲ್ಲಿ ಹೊಸದು ತುಂಬಿ. ಮಳೆನೀರಿದ್ದರೆ ಒಳ್ಳೆಯದು. ಮಣ್ಣಿಗೆ ಬದಲು ಎರಡು ಪಾಲು ಮರದ ತೊಗಟೆ ಚೂರು, ಒಂದು ಪಾಲು ತೆಂಗಿನ ನಾರಿನ ತುಂಡು, ಒಂದು ಪಾಲು ಪರ್ಲೈಟ್ ಬೆರೆಸಿ. ಕೆಳಗಿನ ಎಲೆಗಳ ಬುಡ ಮುಚ್ಚುವಷ್ಟು ಆಳಕ್ಕೆ ನೆಡಬೇಡಿ. ಬುಡ ಕೊಳೆಯುವುದಕ್ಕೆ ನಾವು ಕಂಡಂತೆ ಮೊದಲ ಕಾರಣ ಇದೇ. ಗಿಡ ಅಲ್ಲಾಡುತ್ತದೆ ಎಂದು ಆಳಕ್ಕೆ ಇಳಿಸುವ ಬದಲು ಬೇರು ಹಿಡಿಯುವ ತನಕ ಕಡ್ಡಿ ಕೊಟ್ಟು ಕಟ್ಟಿ.

ಮಣ್ಣಿಲ್ಲದೆ ಬೆಳೆಯುವ ಬೂದು ಟಿಲ್ಯಾಂಡ್ಸಿಯಾಗಳಿಗೆ ವಾರಕ್ಕೊಮ್ಮೆ 20ರಿಂದ 30 ನಿಮಿಷ ನೀರಿನಲ್ಲಿ ಮುಳುಗಿಸಿಟ್ಟು, ತಲೆಕೆಳಗಾಗಿ ಹಿಡಿದು ಚೆನ್ನಾಗಿ ಕೊಡವಿ, ಗಾಳಿಯಲ್ಲಿ ಮಗ್ಗುಲಾಗಿ ಮಲಗಿಸಿ. ನಾಲ್ಕು ಗಂಟೆಯೊಳಗೆ ಒಣಗಬೇಕು. ಇದನ್ನು ಬೆಳಿಗ್ಗೆಯೇ ಮಾಡಬೇಕು. ಬಹಳಷ್ಟು ಟಿಲ್ಯಾಂಡ್ಸಿಯಾಗಳು ಎಲೆರಂಧ್ರಗಳನ್ನು ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಳ್ಳುತ್ತವೆ. ರಾತ್ರಿ ಎಲೆಯ ಮೇಲೆ ನೀರಿನ ಪೊರೆ ಇದ್ದರೆ ಅನಿಲ ಒಳಗೆ ಹೋಗಲಾಗದೆ ಗಿಡ ಉಪವಾಸ ಬೀಳುತ್ತದೆ. ಬುಡ ಗೆಡ್ಡೆಯಂತೆ ಉಬ್ಬಿದ ಟಿಲ್ಯಾಂಡ್ಸಿಯಾ ಬಲ್ಬೋಸಾ, ಕಾಪುಟ್ ಮೆಡುಸೇಗಳ ಎಲೆಸಂದಿಯಲ್ಲಿ ನೀರು ಅಡಗಿ ಕೂರುತ್ತದೆ. ಇವನ್ನು ಅದ್ದಿ ತೆಗೆದರೆ ಸಾಕು, ನೆನೆಹಾಕಬೇಡಿ. ಸುಳಿಯ ಎಲೆ ಮೆಲ್ಲಗೆ ಎಳೆದಾಗ ಕಿತ್ತು ಬಂದು, ಬುಡ ಕಂದಾಗಿ ವಾಸನೆ ಬಂದರೆ ಆ ಗಿಡ ಮುಗಿದಂತೆ.

ಡಿಕಿಯಾ, ಹೆಕ್ಟಿಯಾ, ಕ್ರಿಪ್ಟಾಂಥಸ್, ಅನಾನಸ್ ನೆಲದ ಗಿಡಗಳು. ಬೇರಿನಿಂದಲೇ ಕುಡಿಯುತ್ತವೆ, ಮಾಮೂಲಿನಂತೆ ಕುಂಡಕ್ಕೆ ನೀರು ಹಾಕಿ. ಡಿಕಿಯಾ ಒಣಪ್ರದೇಶದ್ದು ಎಂದು ತಿಂಗಳುಗಟ್ಟಲೆ ಬಾಯಾರಿಸಬೇಡಿ. ಬದುಕುತ್ತದೆ, ಆದರೆ ಕೆಳಗಿನ ಎಲೆಗಳನ್ನು ಒಣಗಿಸಿಕೊಂಡು.

ಮರದ ಮೇಲೆ ಬೆಳೆದರೆ ಮರದ ರಸ ಹೀರುತ್ತವೆಯೇ?

ಇಲ್ಲ. ಬದನಿಕೆಯಂತೆ ಇವುಗಳ ಬೇರು ಮರದೊಳಗೆ ಇಳಿಯುವುದಿಲ್ಲ. ಟಿಲ್ಯಾಂಡ್ಸಿಯಾ ರಿಕರ್ವಾಟಾ ವಿದ್ಯುತ್ ತಂತಿಯ ಮೇಲೂ ಬೆಳೆಯುತ್ತದೆ, ತಂತಿಯಲ್ಲಿ ಹೀರಲು ಏನಿದೆ? ಗಡ್ಡದಂತೆ ಜೋತಾಡುವ ಟಿಲ್ಯಾಂಡ್ಸಿಯಾ ಉಸ್ನಿಯಾಯ್ಡಿಸ್‌ಗೆ ಬೆಳೆದ ಮೇಲೆ ಬೇರೇ ಇರುವುದಿಲ್ಲ. ಅದನ್ನು ಹಾವಸೆ ಎಂದು ತಿಳಿಯುವವರಿದ್ದಾರೆ. ಬೇಸಗೆಯಲ್ಲಿ ಅದರ ಸಂದುಗಳಲ್ಲಿ ಹುಡುಕಿ, ಹಸಿರುಹಳದಿಯ ಮೂರೆಸಳಿನ ಪುಟ್ಟ ಹೂವು ಸಿಗುತ್ತದೆ.

ಕೀಟ ತಿನ್ನುವ ಬ್ರೊಮೆಲಿಯಾಡ್ ಇದೆಯೇ?

ಇದೆ. ಗಯಾನಾ ಎತ್ತರನಾಡಿನ ಬ್ರೊಕ್ಕಿನಿಯಾ ರಿಡಕ್ಟಾ ಹಳದಿ ಕೊಳವೆಯಂತೆ ನೆಟ್ಟಗೆ ನಿಲ್ಲುತ್ತದೆ. ಒಳಮೈಗೆ ಜಾರುವ ಮೇಣದ ಪುಡಿ, ಒಳಗಿನ ನೀರು ಹುಳಿ, ಸಿಹಿ ವಾಸನೆ ಬೇರೆ. ಬಿದ್ದ ಇರುವೆ ಕೊಳೆತಾಗ ಅದರ ಸಾರವನ್ನು ಟ್ರೈಕೋಮುಗಳು ಹೀರುತ್ತವೆ. ಕ್ಯಾಟಾಪ್ಸಿಸ್ ಬರ್ಟೆರೋನಿಯಾನಾವೂ ಹೀಗೆಯೇ ಎಂದು ಪರಿಗಣಿಸುತ್ತಾರೆ. ಉಳಿದ ಬಟ್ಟಲುಗಳು ಬಲೆಗಿಂತ ಹೆಚ್ಚಾಗಿ ಮನೆ: ಮಧ್ಯ ಅಮೆರಿಕದ ವಿಷಕಪ್ಪೆಗಳು ಮರಿಗಳನ್ನು ಬೆನ್ನ ಮೇಲೆ ಹೊತ್ತು ತಂದು ಇವುಗಳಲ್ಲಿ ಬಿಡುತ್ತವೆ. ಜಮೈಕಾದಲ್ಲಿ ಬಟ್ಟಲಲ್ಲೇ ಮರಿ ಸಾಕುವ ಏಡಿಯೊಂದಿದೆ.

ಸೊಳ್ಳೆ?

ನಿಂತ ನೀರಿದ್ದಲ್ಲಿ ಬರುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು, ಆದ್ದರಿಂದ ಅದಕ್ಕೆ ಮುಂಚೆಯೇ ನೀರು ಚೆಲ್ಲಬೇಕು. ಗಿಡ ಹೆಚ್ಚಿದ್ದರೆ ಬಿಟಿಐ ಹರಳು ಹಾಕಿ, ಅದು ಸೊಳ್ಳೆ ಮರಿಗಳನ್ನು ಕೊಲ್ಲುವ ಬ್ಯಾಕ್ಟೀರಿಯಾ. ಸೀಮೆಎಣ್ಣೆ ಸುರಿದರೆ ಗಿಡವೂ ಹೋಗುತ್ತದೆ.

ಕೆಂಪು ‘ಹೂವು’ ತಿಂಗಳುಗಟ್ಟಲೆ ಇದ್ದು ಆಮೇಲೆ ಗಿಡವೇ ಸೊರಗಿತು. ಏನು ತಪ್ಪಾಯಿತು?

ಏನೂ ಆಗಿಲ್ಲ. ಗುಜ್ಮಾನಿಯಾದಲ್ಲಿ ಕೆಂಪಗೆ ಕಾಣುವುದು ಹೂವಲ್ಲ, ಬ್ರ್ಯಾಕ್ಟ್ ಎನ್ನುವ ಬಣ್ಣದ ಎಲೆಗಳು. ನಿಜವಾದ ಹೂವು ಅವುಗಳ ನಡುವೆ ಬಂದು ಒಂದೆರಡು ದಿನದಲ್ಲಿ ಬಾಡುತ್ತದೆ. ಒಂದು ಸುಳಿ ಒಮ್ಮೆ ಮಾತ್ರ ಹೂ ಬಿಡುತ್ತದೆ. ಆಮೇಲೆ ತಾಯಿಗಿಡ ತಿಂಗಳುಗಳ ಕಾಲ, ಕೆಲವೊಮ್ಮೆ ವರ್ಷಕ್ಕೂ ಮೀರಿ, ನಿಧಾನವಾಗಿ ಒಣಗುತ್ತಾ ಬುಡದಲ್ಲಿ ಬಾಳೆಯ ಹಾಗೆ ಕಂದು (ಮರಿಗಿಡ) ಹಾಕುತ್ತದೆ.

ಕಂದು ತಾಯಿಯ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಎತ್ತರ ಆಗುವ ತನಕ ಕಾಯಿರಿ. ಚೂಪಾದ, ಸ್ಪಿರಿಟ್‌ನಿಂದ ಒರೆಸಿದ ಚಾಕುವಿನಿಂದ ತಾಯಿಯ ಕಾಂಡಕ್ಕೆ ತಾಗಿಸಿ ಕತ್ತರಿಸಿ. ಕಂದಿನ ಗಟ್ಟಿ ಬುಡ ಜೊತೆಗೆ ಬರಬೇಕು, ಎಲೆ ಮಾತ್ರ ಬಂದರೆ ಬೇರು ಬಿಡುವುದಿಲ್ಲ. ಗಾಯ ಒಂದೆರಡು ದಿನ ನೆರಳಲ್ಲಿ ಒಣಗಲಿ, ಆಮೇಲೆ ನೆಡಿ. ಅವಸರಪಟ್ಟು ಬೆರಳುದ್ದದ ಕಂದು ಕಿತ್ತವರಿಗೆ ಹೂವು ನೋಡಲು ಬಹಳ ವರ್ಷ ಬೇಕಾಗುತ್ತದೆ. ಗುಜ್ಮಾನಿಯಾ ಮತ್ತು ವ್ರೀಸಿಯಾದ ಕೆಲವು ಬಗೆಗಳಲ್ಲಿ ಕಂದು ಬುಡದಲ್ಲಿ ಬರದೆ ಎಲೆಗಳ ನಡುವೆ, ಸುಳಿಯ ಪಕ್ಕದಲ್ಲೇ ಬರುತ್ತದೆ. ಅದನ್ನು ಕತ್ತರಿಸಲು ಹೋಗದೆ ಹಾಗೇ ಬೆಳೆಯಲು ಬಿಡಿ.

ಬಲಿತ ಗಿಡ ಹೂ ಬಿಡುತ್ತಿಲ್ಲ. ಸೇಬಿನ ಉಪಾಯ ನಿಜವೇ?

ನಿಜ. ಮಾಗಿದ ಸೇಬು ಬಿಡುವ ಎಥಿಲೀನ್ ಅನಿಲ ಹೂ ಬರಿಸುತ್ತದೆ. ಬಟ್ಟಲ ನೀರೆಲ್ಲ ಚೆಲ್ಲಿ, ಚೆನ್ನಾಗಿ ಮಾಗಿದ ಒಂದು ಸೇಬನ್ನು ಕುಂಡದ ಮೇಲಿಟ್ಟು, ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಇಡೀ ಗಿಡವನ್ನು ಕಟ್ಟಿ 7ರಿಂದ 10 ದಿನ ಬಿಡಿ. ನೇರ ಬಿಸಿಲಿಗೆ ಇಡಬೇಡಿ, ಚೀಲದೊಳಗೆ ಗಿಡ ಬೇಯುತ್ತದೆ. ಹೂಗೊಂಚಲು ಕಾಣಲು 6ರಿಂದ 14 ವಾರ ಹಿಡಿಯುತ್ತದೆ. ಫಲ ಸಿಗದಿದ್ದರೆ ಸಾಮಾನ್ಯವಾಗಿ ಗಿಡ ಬಲಿತಿಲ್ಲ, ಇಲ್ಲವೇ ಸೇಬು ಮಾಗಿರಲಿಲ್ಲ. ಚೀಲದೊಳಗೆ ಕಂದುಗಳಿದ್ದರೆ ಅವೂ ಎಳಸಾಗಿಯೇ ಹೂ ಬಿಟ್ಟು ಹಾಳಾಗಬಹುದು.

ಅನಾನಸ್‌ನಲ್ಲಿ ಬೀಜ ಏಕಿಲ್ಲ?

ಅನಾನಸ್ ತನ್ನದೇ ತಳಿಯ ಪರಾಗವನ್ನು ಒಪ್ಪುವುದಿಲ್ಲ. ತೋಟದ ತುಂಬ ಒಂದೇ ತಳಿ ಇರುವುದರಿಂದ ಬೀಜ ಕಟ್ಟುವುದಿಲ್ಲ. ಹಣ್ಣಿನ ಒಂದೊಂದು ಕಣ್ಣೂ ಒಂದೊಂದು ಹೂವು, ನೂರಕ್ಕೂ ಹೆಚ್ಚು ಹೂಗಳು ದಿಂಡಿನ ಸುತ್ತ ಬೆಸೆದು ಒಂದು ಹಣ್ಣಾಗಿದೆ. ಕಣ್ಣಿನ ನಡುವೆ ಸರಿಯಾಗಿ ಸೀಳಿದರೆ ಸಿಪ್ಪೆಯ ಕೆಳಗೆ ಒಂದು ಗುಳಿ, ಅದರಲ್ಲಿ ಒಣಗಿದ ಹೂವಿನ ಚೂರು, ಇನ್ನೂ ಒಳಗೆ ಮೂರು ಕಿರುಕೋಣೆ ಕಾಣುತ್ತವೆ. ಬೇರೆ ತಳಿಯ ಪರಾಗ ಬಿದ್ದಿದ್ದರೆ ಗಟ್ಟಿಯಾದ ಕಂದು ಬೀಜ ಅಲ್ಲೇ ಇರುತ್ತದೆ.

ಬೀಜದಿಂದ ಬೆಳೆಸಬಹುದೇ?

ಪ್ರಭೇದಗಳಾದರೆ ಸರಿ, ಮಿಶ್ರತಳಿಯ ಬೀಜದಿಂದ ತಾಯಿಯಂಥ ಗಿಡ ಬರುವುದಿಲ್ಲ. ಎಕ್ಮಿಯಾ, ನಿಯೋರೆಜೀಲಿಯಾ ಹಣ್ಣನ್ನು ಹಿಸುಕಿ, ಬೀಜದ ಲೋಳೆ ಹೋಗುವಂತೆ ತೊಳೆದು ಬಿತ್ತಿ. ಟಿಲ್ಯಾಂಡ್ಸಿಯಾ, ಗುಜ್ಮಾನಿಯಾದ ಕುಚ್ಚುಬೀಜ ಹಳತಾದರೆ ಮೊಳೆಯದು, ಕಾಯಿ ಬಿರಿದ ಕೂಡಲೇ ಬಿತ್ತಬೇಕು. ಯಾವುದನ್ನೂ ಮಣ್ಣಿನಿಂದ ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು.

ಚೀಟಿಯಲ್ಲಿ ವ್ರೀಸಿಯಾ ಸ್ಪ್ಲೆಂಡೆನ್ಸ್ ಎಂದಿದೆ, ಪಟ್ಟಿಗಳಲ್ಲಿ ಲೂಥೇರಿಯಾ ಸ್ಪ್ಲೆಂಡೆನ್ಸ್. ಎರಡೂ ಒಂದೇನಾ?

ಒಂದೇ. ವ್ರೀಸಿಯಾ ಮತ್ತು ಟಿಲ್ಯಾಂಡ್ಸಿಯಾಗಳನ್ನು ಹಿಂದೆ ಬೇರ್ಪಡಿಸುತ್ತಿದ್ದದ್ದು ಎಸಳಿನ ಒಳಬುಡದಲ್ಲಿರುವ ಎರಡು ಪುಟ್ಟ ನಾಲಿಗೆಗಳಿಂದ: ಇದ್ದರೆ ವ್ರೀಸಿಯಾ, ಇಲ್ಲದಿದ್ದರೆ ಟಿಲ್ಯಾಂಡ್ಸಿಯಾ. ಒಣಗಿಸಿಟ್ಟ ಹೂವಿನಲ್ಲಿ ಅದನ್ನು ನೋಡುವುದೇ ಕಷ್ಟ, ಮೇಲಾಗಿ ಆ ಲಕ್ಷಣ ನಂಟಿಲ್ಲದ ಕವಲುಗಳಲ್ಲೂ ಮತ್ತೆ ಮತ್ತೆ ಬಂದುಹೋಗಿದೆ ಎಂದು ಡಿಎನ್‌ಎ ತೋರಿಸಿತು. 2016ರಲ್ಲಿ ಬಾರ್ಫುಸ್ ಮತ್ತು ಸಂಗಡಿಗರು ಇಡೀ ಟಿಲ್ಯಾಂಡ್ಸಿಯಾಯ್ಡೀಯನ್ನು ಮರುಜೋಡಿಸಿದರು. ಆಗ ಬಂದ ಹೆಸರುಗಳಲ್ಲಿ ಲೂಥೇರಿಯಾ ಒಂದು. ಗುಲಾಬಿ ಬೀಸಣಿಗೆಯಂಥ ಗೊಂಚಲಿನ ಟಿಲ್ಯಾಂಡ್ಸಿಯಾ ಸಯಾನಿಯಾ ಆಗಲೇ ವಾಲಿಸಿಯಾ ಸಯಾನಿಯಾ ಆಯಿತು. ಮಾರಾಟದ ಚೀಟಿಗಳು ಇದನ್ನೆಲ್ಲ ಅಷ್ಟು ಬೇಗ ಒಪ್ಪಿಕೊಳ್ಳುವುದಿಲ್ಲ. ನಿಮ್ಮ ಚೀಟಿಯಲ್ಲಿ ಹೊಸ ಹೆಸರಿನ ಜೊತೆ ಹಳೆಯದನ್ನೂ ಉಳಿಸಿಕೊಳ್ಳಿ, ಹುಡುಕುವಾಗ ಎರಡೂ ಬೇಕಾಗುತ್ತವೆ.

ಹೆಸರಿನ ಮುಂದಿರುವ × ಗುರುತು, ಒಂಟಿ ಉದ್ಧರಣ ಚಿಹ್ನೆ ಏನು?

× ಅಂದರೆ ಮಿಶ್ರತಳಿ. ಕುಲದ ಹೆಸರಿಗೂ ಮುಂಚೆ ಇದ್ದರೆ ಎರಡು ಕುಲಗಳ ನಡುವಿನದು: ×ಕ್ರಿಪ್ಟ್‌ಬರ್ಜಿಯಾ ಎಂದರೆ ಕ್ರಿಪ್ಟಾಂಥಸ್ ಮತ್ತು ಬಿಲ್‌ಬರ್ಜಿಯಾ ಕೂಡಿದ್ದು. ಒಂಟಿ ಚಿಹ್ನೆಯೊಳಗಿರುವುದು ತಳಿಯ ಹೆಸರು, ನಿಯೋರೆಜೀಲಿಯಾ ‘ಫೈರ್‌ಬಾಲ್’ ಇದ್ದಹಾಗೆ. ತಳಿಗಳ ನೋಂದಣಿ ನೋಡಿಕೊಳ್ಳುವುದು 1950ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಬ್ರೊಮೆಲಿಯಾಡ್ ಸಂಘ. ಹೆಸರು ಗೊತ್ತಿಲ್ಲದ ಮಿಶ್ರತಳಿಗೆ ಚಿತ್ರ ನೋಡಿ ಹೋಲುವ ಹೆಸರು ಅಂಟಿಸಬೇಡಿ. ಕುಲದ ಹೆಸರಷ್ಟೇ ಬರೆದು ‘ಹೆಸರಿಲ್ಲದ್ದು’ ಎಂದು ಸೇರಿಸುವುದು ಪ್ರಾಮಾಣಿಕ ಚೀಟಿ.

ನಿಯೋರೆಜೀಲಿಯಾದ ಕೆಂಪು ಹೋಗಿ ಎಲೆ ಉದ್ದುದ್ದ ಹಸಿರಾಗಿದೆ.

ಬೆಳಕು ಕಡಿಮೆ, ಅಥವಾ ಗೊಬ್ಬರ ಹೆಚ್ಚು, ಬಹುತೇಕ ಎರಡೂ. ಬಟ್ಟಲಿಗೆ ಗೊಬ್ಬರ ಹಾಕುವುದನ್ನು ನಿಲ್ಲಿಸಿ. ಗಿಡವನ್ನು ಹೆಚ್ಚು ಬೆಳಕಿಗೆ ಸರಿಸುವುದಾದರೆ ಎರಡು ಮೂರು ವಾರದಲ್ಲಿ ಹಂತಹಂತವಾಗಿ ಸರಿಸಿ, ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆಯ ಮೇಲೆ ಬಿಳಿಚಿದ ಸುಟ್ಟ ಕಲೆ ಬೀಳುತ್ತದೆ, ಅದು ಮಾಯುವುದಿಲ್ಲ. ಉದ್ದವಾದ ಹಳೆಯ ಎಲೆಗಳೂ ಗಿಡ್ಡವಾಗುವುದಿಲ್ಲ, ಹೊಸ ಎಲೆಗಳು ಮಾತ್ರ ಸರಿಯಾಗಿ ಬರುತ್ತವೆ. ಉಳಿದ ಬಟ್ಟಲಿನ ಗಿಡಗಳಿಗೆ ಗೊಬ್ಬರ ಕೊಡುವುದಾದರೂ ಪೊಟ್ಟಣದಲ್ಲಿ ಹೇಳಿದ ಪ್ರಮಾಣದ ಕಾಲು ಭಾಗ ಸಾಕು.

ಶಿಲೀಂಧ್ರನಾಶಕ ಹೊಡೆಯಬಹುದೇ?

ತಾಮ್ರ ಇರುವುದನ್ನು ಖಂಡಿತ ಬೇಡ. ಮೈಲುತುತ್ತ, ಬೋರ್ಡೋ ದ್ರಾವಣ ಎರಡರಲ್ಲೂ ತಾಮ್ರವಿದೆ. ಬೇರೆ ಗಿಡಗಳು ತಡೆದುಕೊಳ್ಳುವ ಪ್ರಮಾಣವೇ ಬ್ರೊಮೆಲಿಯಾಡನ್ನು ಕೊಲ್ಲಬಲ್ಲದು, ಟ್ರೈಕೋಮುಗಳು ಅದನ್ನೂ ನೀರಿನಷ್ಟೇ ಚುರುಕಾಗಿ ಹೀರುತ್ತವೆ. ಪಕ್ಕದ ಗಿಡಕ್ಕೆ ಸಿಂಪಡಿಸುವಾಗ ಇವನ್ನು ದೂರ ಇಡಿ. ಟಿಲ್ಯಾಂಡ್ಸಿಯಾವನ್ನು ಮರದ ತುಂಡಿಗೆ ಕಟ್ಟಲು ತಾಮ್ರದ ತಂತಿಯನ್ನೂ ಬಳಸಬೇಡಿ, ನೈಲಾನ್ ದಾರ ಅಥವಾ ಪ್ಲಾಸ್ಟಿಕ್ ಹೊದಿಕೆಯ ತಂತಿ ಸಾಕು.